ಬಾಗಿಲಿಗೆ ಬಂದವನ ಹಕ್ಕು



ಜುಮಾ ನಮಾಝ್ ಮುಗಿಸಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಗೆ ನಡೆಯುವಾಗ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: "ನಮ್ಮ ಮೊಹಲ್ಲಾದಲ್ಲೇ ಬೇಕಾದಷ್ಟು ಬಡವರಿದ್ದಾರೆ. ಎಲ್ಲಿಂದಲೋ ಬಂದವರಿಗೆ ನಾವೇಕೆ ಕೊಡಬೇಕು?" ಮಾತು ಸಣ್ಣದು. ಆದರೆ ಇದೇ ಮಾತು ಕಾನೂನಾದಾಗ ಸಾವಿರಾರು ತಟ್ಟೆಗಳು ಬರಿದಾಗುತ್ತವೆ.

2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ತಾನೇ ಹಿಂದೆ ಮಂಜೂರು ಮಾಡಿದ್ದ ಸುಮಾರು 900 ಕೋಟಿ ಡಾಲರ್ ಹಣವನ್ನು ರದ್ದುಪಡಿಸುವ ಕಾನೂನು ಮಾಡಿತು. ಅದರಲ್ಲಿ ವಲಸಿಗರ ಮತ್ತು ನಿರಾಶ್ರಿತರ ನೆರವಿಗಿದ್ದ 80 ಕೋಟಿ ಡಾಲರ್ ಕೂಡ ಸೇರಿತ್ತು. ಇಂತಹ ಹಣ ನಿಂತರೆ ಏನಾಗುತ್ತದೆ? ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಶಿಬಿರಗಳು ಅದನ್ನು ಮೊದಲೇ ಕಂಡಿವೆ. ದೇಣಿಗೆ ಸಾಲದೆ, 2023ರಲ್ಲಿ ಅಲ್ಲಿನ ರೋಹಿಂಗ್ಯಾ ನಿರಾಶ್ರಿತನೊಬ್ಬನ ತಿಂಗಳ ರೇಷನ್ 12 ಡಾಲರಿನಿಂದ 10ಕ್ಕೆ, ಬಳಿಕ 8ಕ್ಕೆ ಇಳಿಯಿತು. ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೆರಡು ರೂಪಾಯಿಯ ಆಸುಪಾಸು. ನಾವು ಸ್ನೇಹಿತನೊಡನೆ ಕುಳಿತು ಕುಡಿಯುವ ಚಹಾದ ಬೆಲೆಯಲ್ಲಿ ಅವನ ದಿನದ ಅನ್ನ!

ಇದು ದೂರದ ಕತೆಯಲ್ಲ. ನಮ್ಮ ನಗರದಲ್ಲಿ 72 ಮಂದಿ ರೋಹಿಂಗ್ಯಾಗಳನ್ನು ಗುರುತಿಸಲಾಗಿದೆ ಎಂದು ಕರ್ನಾಟಕ ಸರಕಾರವೇ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ನಗರದ ಅಂಚಿನ ಟಾರ್ಪಾಲಿನ್ ಗುಡಿಸಲುಗಳಲ್ಲಿ, ನಾವು ಎಸೆದ ಪ್ಲಾಸ್ಟಿಕ್ ಮತ್ತು ರಟ್ಟನ್ನು ಬೇರ್ಪಡಿಸಿ ಮಾರುತ್ತಾ ಬದುಕುವವರಲ್ಲಿ ಅವರೂ ಇದ್ದಾರೆ.

ಮೊದಲ ಪ್ರಶ್ನೆಗೆ ಮರಳೋಣ. ನಮ್ಮವರಿಗೆ ಮೊದಲು ಎನ್ನುವುದು ತಪ್ಪೇ? ಅಲ್ಲ. ಬಂಧುಗಳ ಮತ್ತು ನೆರೆಯವರ ಹಕ್ಕನ್ನು ಇಸ್ಲಾಮ್ ಮುಂದಿಟ್ಟಿದೆ. ತನ್ನ ಪ್ರಜೆಗಳ ಹಸಿವನ್ನು ಸರಕಾರ ಮೊದಲು ನೋಡಬೇಕೆನ್ನುವುದೂ ನ್ಯಾಯವೇ. ಆದರೆ 'ಮೊದಲು' ಎಂದರೆ 'ಅವರಿಗೆ ಮಾತ್ರ' ಎಂದಲ್ಲ. ಪವಿತ್ರ ಕುರ್‌ಆನ್ ಅತ್ತೌಬಾ ಅಧ್ಯಾಯದಲ್ಲಿ ಝಕಾತ್‌ಗೆ ಹಕ್ಕುದಾರರಾದ ಎಂಟು ವಿಭಾಗಗಳನ್ನು ಹೆಸರಿಸುವಾಗ ಬಡವರ ಜೊತೆಗೆ ದಾರಿಹೋಕನನ್ನೂ ಹೆಸರಿಸಿದೆ. ಸ್ವದೇಶದ ಬಡವನಿಗೆ ದೂರಲು ಒಂದು ಸರಕಾರವಾದರೂ ಇದೆ. ನಿರಾಶ್ರಿತನು ಅದನ್ನೇ ಕಳೆದುಕೊಂಡವನು. ಎಲ್ಲರೂ 'ನಮ್ಮವರಿಗೆ ಮಾತ್ರ' ಎಂದರೆ ಯಾರಿಗೂ ಸೇರದವನು ಎಲ್ಲಿಗೆ ಹೋಗಬೇಕು?

ಮಕ್ಕಾದ ಕಿರುಕುಳ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ನೀಡಿದವನು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ. ಧರ್ಮ ಬೇರೆ, ಭಾಷೆ ಬೇರೆ. ಆದರೂ ಅವನು ಅವರನ್ನು ಬೆನ್ನಟ್ಟಿ ಬಂದವರ ಕೈಗೆ ಒಪ್ಪಿಸಲಿಲ್ಲ. ನಮ್ಮ ನಾಡೂ ಇಂತಹ ಔದಾರ್ಯ ತೋರಿದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರಕಾರ ಟಿಬೆಟಿನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಅವರು ಅಲ್ಲಿ ಕಾಡು ಕಡಿದು ಮೆಕ್ಕೆಜೋಳ ಬೆಳೆದರು. 1947ರ ವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳನ್ನು ಕಾಕ್ಸ್ ಟೌನ್ ಬಳಿಯ ಸಿಂಧಿ ಕಾಲೊನಿಯ ಹೆಸರೇ ನೆನಪಿಸುತ್ತದೆ. ಅವರಿಗೆ ಜಾಗ ಕೊಟ್ಟು ಬೆಂಗಳೂರು ಬಡವಾಯಿತೇ?

ನಿರಾಶ್ರಿತನು ಸದಾ ಕೈಚಾಚುತ್ತಾನೆಂಬುದೂ ಸುಳ್ಳು. ಮದೀನಾದಲ್ಲಿ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದಾಗ, ಮುಹಾಜಿರರಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿ ಮಾತ್ರ ಕೇಳಿದರು. ತುಪ್ಪ, ಗಿಣ್ಣು ಮಾರಿ ತಮ್ಮ ಕಾಲ ಮೇಲೆ ನಿಂತರು. ಒಬ್ಬರು ಕೊಡಲು ಹಿಂಜರಿಯಲಿಲ್ಲ, ಇನ್ನೊಬ್ಬರು ಪಡೆಯಲು ಆತುರಪಡಲಿಲ್ಲ.

ನಮ್ಮ ಮಸೀದಿಯ ಡಬ್ಬಿ 80 ಕೋಟಿ ಡಾಲರನ್ನು ತುಂಬಲಾರದು. ಸರಕಾರಗಳ ಹೊಣೆ ಸರಕಾರಗಳದ್ದೇ. ಪ್ರಜೆಗಳಾಗಿ ಅದನ್ನು ಕೇಳುತ್ತಲೇ ಇರಬೇಕು. ಆದರೆ ಅಂತ್ಯದಿನದಲ್ಲಿ ಅಲ್ಲಾಹನು ನಮ್ಮನ್ನು ವಾಷಿಂಗ್ಟನ್ನಿನ ಲೆಕ್ಕ ಕೇಳುವುದಿಲ್ಲ, ನಮ್ಮ ಬಾಗಿಲಿನ ಲೆಕ್ಕ ಕೇಳುವನು. ಝಕಾತಿನಲ್ಲಿ ದಾರಿಹೋಕನ ಪಾಲನ್ನು ಮರೆಯದಿರಿ. ಸದಕಾ ಕೊಡುವಾಗ ಧರ್ಮ ಕೇಳದಿರಿ. ಗುಜರಿ ಆಯುವವನಿಗೆ ಸರಿಯಾದ ತೂಕ, ಸರಿಯಾದ ಬೆಲೆ ಕೊಡಿ. ಅವನ ಮಗುವಿಗೆ ನಿಮ್ಮ ಬೀದಿಯ ಮದ್ರಸದಲ್ಲಿ, ಶಾಲೆಯಲ್ಲಿ ಸ್ಥಳ ಕೇಳಿ ಕೊಡಿಸಿ. ಇದಾವುದೂ ಆಗದಿದ್ದರೆ, ಕನಿಷ್ಠ ನಾಲಿಗೆಯಿಂದ ಅವನನ್ನು ನೋಯಿಸದಿರಿ.

ನಾವೆಲ್ಲರೂ ಈ ಲೋಕದ ದಾರಿಹೋಕರೇ ತಾನೇ?