ಹಾಸಿಗೆ ಇದ್ದಷ್ಟು

ಉಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಕಾಲಿನದಲ್ಲ, ಬೆನ್ನಿನದು. ಅಷ್ಟು ದೂರ ಹೇಗೆ ನಡೆಯುತ್ತೀ ಎಂದು ಯಾರೂ ಕೇಳಲಿಲ್ಲ. ರಾತ್ರಿ ಯಾವುದರ ಮೇಲೆ ಮಲಗುತ್ತೀ ಎಂದು ಎಲ್ಲರೂ ಕೇಳಿದರು. ಐವತ್ತು ದಾಟಿದ ಹೆಂಗಸಿನ ಸೊಂಟನೋವು ಮನೆಮಂದಿಗೆಲ್ಲ ಗೊತ್ತಿರುವ ಸಂಗತಿಯೇ.

ನಮ್ಮ ಕಡೆಯವರಿಗೆ ಈ ನಡಿಗೆ ಹೊಸದಲ್ಲ. ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರದ ಸೀಮೆಯಿಂದ ಪ್ರತಿವರ್ಷ ಸಾವಿರಾರು ಮಂದಿ ಕಂಬಿ ಹೊತ್ತು ಮಲ್ಲಯ್ಯನ ಗುಡ್ಡಕ್ಕೆ ನಡೆಯುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ ಒಯ್ಯುವುದು ತವರಿನವರ ಧರ್ಮ. ಆತ್ಮಕೂರು ದಾಟಿದ ಮೇಲೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ ಎಂದು ನಲ್ಲಮಲ ಕಾಡಿನ ಕಲ್ಲುದಾರಿ. ಮಲಗಲು ಸಿಗುವುದು ಶಾಲೆಯ ಪಡಸಾಲೆ, ಗುಡಿಯ ಅಂಗಳ, ಇಲ್ಲವೇ ಮರದ ಬುಡ.

ಬೆಂಗಳೂರಿನಲ್ಲಿರುವ ನನ್ನ ಮಗಳು ಗುಡ್ಡ ಹತ್ತುವ ಹವ್ಯಾಸದವಳು. ಹಿಮಾಲಯಕ್ಕೂ ಹೋಗಿ ಬಂದಿದ್ದಾಳೆ. ಅವಳು ಎರಡು ಹಾಸಿಗೆ ತಂದಳು. ಒಂದು ಬಾಯಿಂದ ಊದಿ ಉಬ್ಬಿಸುವ ಗಾಳಿ ಹಾಸಿಗೆ. ಗಾಳಿ ತೆಗೆದು ಸುತ್ತಿದರೆ ನೀರಿನ ಬಾಟಲಿಯಷ್ಟಾಗುತ್ತದೆ. ಇನ್ನೊಂದು ಬೆರಳುದಪ್ಪದ ಫೋಮ್ ಹಾಳೆ, ಆರಡಿ ಉದ್ದ, ಎರಡಡಿ ಅಗಲ. ಎರಡನ್ನೂ ಹಿಡಿದುಕೊಂಡು ನಾವು ತಾಯಿ ಮಗಳು ಇರಕಲ್ಲಗಡಕ್ಕೆ, ನನ್ನ ತವರಿಗೆ ಹೋದೆವು. ಹೊರಡುವ ಮುಂಚೆ ಅವ್ವನ ಆಶೀರ್ವಾದ ಪಡೆಯಬೇಕಿತ್ತು.

ಅವ್ವ ಎರಡನ್ನೂ ಮುಟ್ಟಿ ನೋಡಿದಳು. "ದೇವರ ಕಡೆ ಹೋಗಾಕಿಗೆ ಗಾದಿ ಯಾಕವ್ವ? ನನ್ನ ಕೌದಿ ಒಯ್ಯಿ. ಕಾಲಾಗ ಚಪ್ಪಲಿ ಸೈತ ಇಲ್ಲದ ಹೊಂಟೋರು ಎಷ್ಟ ಮಂದಿ ಅದಾರ" ಎಂದಳು.

ಅವಳ ಮಾತಿನಲ್ಲಿ ಸತ್ಯವಿತ್ತು. ಸುಖ ಬೇಡವೆಂದು ಹೊರಟವಳು ಸುಖವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗುವುದು ಎಂಥ ಯಾತ್ರೆ? ನಮ್ಮ ಕೊಪ್ಪಳವೇ ಹಿಂದೆ ಕೊಪಣವೆಂಬ ಜೈನರ ಮಹಾತೀರ್ಥವಾಗಿತ್ತು. ಪಾಲ್ಕಿಗುಂಡಿನ ಹತ್ತಿರ ಇಂದಿಗೂ ಜಟಾಸಿಂಹನಂದಿ ಆಚಾರ್ಯರ ಪಾದಗಳ ಕೆತ್ತನೆ ಇದೆ. ದಿಗಂಬರ ಮುನಿಗಳ ೨೮ ಮೂಲಗುಣಗಳಲ್ಲಿ ನೆಲದ ಮೇಲೆ ಮಲಗುವುದೂ ಒಂದು. ಆ ಬಂಡೆಗಳ ಮೇಲೆ ಎಷ್ಟು ಮಂದಿ ಹಾಸಿಗೆಯ ಹಂಗಿಲ್ಲದೆ ದೇಹ ಬಿಟ್ಟಿದ್ದಾರೋ! ಅಂಥ ಸೀಮೆಯಲ್ಲಿ ಹುಟ್ಟಿ ನಾನು ಗಾಳಿ ಹಾಸಿಗೆಗೆ ಆಸೆಪಡುವುದೇ ಎಂದು ನಾಚಿಕೆಯೂ ಆಯಿತು.

ಆದರೆ ಮಗಳು ಬಿಡಲಿಲ್ಲ. ಹಾಸಿಗೆ ಎಂದರೆ ಶೋಕಿಯಲ್ಲ ಎಂದು ಅಜ್ಜಿಗೂ ನನಗೂ ಸೇರಿಸಿ ಪಾಠ ಹೇಳಿದಳು. ಅಂಗಾತ ಮಲಗಿದರೆ ಮೈಭಾರ ಹರಡಿಹೋಗುತ್ತದೆ. ಮಗ್ಗುಲಾದರೆ ಭಾರವೆಲ್ಲ ಹೆಗಲು ಮತ್ತು ಟೊಂಕದ ಮೇಲೆ ಬೀಳುತ್ತದೆ. ಟೊಂಕ ಅಗಲವಿರುವ ನಾವು ಹೆಂಗಸರು ಹೆಚ್ಚಾಗಿ ಮಗ್ಗುಲಾಗಿಯೇ ಮಲಗುವುದರಿಂದ ನಮಗೆ ಹಾಸಿಗೆ ದಪ್ಪವಿರಬೇಕು. ಇನ್ನು ಚಳಿ. ಹೊದಿಕೆ ಎಷ್ಟಿದ್ದರೂ ನೆಲ ಮೈಯ ಬಿಸಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ, ಏಕೆಂದರೆ ಮೈಕೆಳಗಿನ ಬಟ್ಟೆ ಭಾರಕ್ಕೆ ಅಮುಕಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರಲ್ಲಿ ಸಿಕ್ಕಿಕೊಂಡ ಗಾಳಿ. ಇದನ್ನು ಅಳೆಯಲು ಆರ್ ಎಂಬ ಅಂಕಿ ಇದೆಯಂತೆ: ಬೇಸಿಗೆಗೆ ಒಂದೆರಡು ಇದ್ದರೆ ಸಾಕು, ಹಿಮದ ನೆಲಕ್ಕೆ ನಾಲ್ಕಕ್ಕಿಂತ ಮೇಲೆ ಬೇಕು. ಉಗಾದಿಯ ಹೊತ್ತಿಗೆ ನಲ್ಲಮಲದಲ್ಲಿ ನೆಲದ ತಂಪಿನ ಭಯವಿಲ್ಲ, ಕಲ್ಲಿನದೇ ಭಯ. ಗಾಳಿ ಹಾಸಿಗೆ ಟೊಂಕಕ್ಕೆ ಹಿತ, ಆದರೆ ಒಂದು ಜಾಲಿಮುಳ್ಳು ಸಾಕು ಅದರ ಕಥೆ ಮುಗಿಸಲು. ಫೋಮ್ ಅಷ್ಟು ಮೆತ್ತಗಿಲ್ಲ, ಆದರೆ ಮುಳ್ಳು ಚುಚ್ಚಿದರೂ ಕೆಡುವುದಿಲ್ಲ, ನೀರು ಹೀರುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಬಾರದು, ಹಾಸಿ ಮಗ್ಗುಲಾಗಿ ಹತ್ತು ನಿಮಿಷ ಮಲಗಿ ನೋಡಬೇಕು. ಇದಿಷ್ಟು ಮಗಳ ಪಾಠ.

ಆ ರಾತ್ರಿ ತಮಾಷೆಗೆಂದು ಅವಳು ಗಾಳಿ ಹಾಸಿಗೆ ಊದಿ, ಅದರ ಮೇಲೆ ಕೌದಿ ಹಾಸಿ, ಅಜ್ಜಿಯನ್ನು ಮಲಗಿಸಿದಳು. "ನನಗ ನೆಲಾನ ಹಿತ" ಎಂದು ಅವ್ವ ಗೊಣಗುತ್ತಲೇ ಮಲಗಿದಳು. ಕೋಳಿ ಕೂಗುವ ಮೊದಲೇ ಏಳುವ ಅವ್ವ ಮರುದಿನ ಬಿಸಿಲು ಬಾಗಿಲಿಗೆ ಬಂದರೂ ಎದ್ದಿರಲಿಲ್ಲ. ನನಗೆ ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ಮುಟ್ಟಿದೆ. ಕಣ್ಣು ತೆರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಬೆನ್ನು ನೋಯಿಸ್ದಂಗ ಏಳೂದು ಹೆಂಗಿರತೈತಿ ಅನ್ನೂದ ಮರತುಬಿಟ್ಟಿದ್ದೆ ನೋಡು."

ಈ ಒಂದು ಮಾತು ನನ್ನನ್ನು ಯಾತ್ರೆಯುದ್ದಕ್ಕೂ ಬಿಡಲಿಲ್ಲ. ನನಗೆ ನೆಲವೇ ಹಿತ ಎಂದು ಅವಳು ಹೇಳುವುದನ್ನು ನಾವು ಮಕ್ಕಳು ನಲವತ್ತು ವರ್ಷ ಕೇಳಿದ್ದೆವು. ನಂಬಿಯೂ ಇದ್ದೆವು. ನಂಬುವುದು ನಮಗೆ ಅನುಕೂಲವಾಗಿತ್ತು. ಮನೆಯಲ್ಲಿದ್ದ ಒಂದು ಮಂಚ ಅಪ್ಪನದು. ಎರಡು ಗಾದಿ ಬೀಗರಿಗೆ. ಉಳಿದ ಕೌದಿಗಳು ಮಕ್ಕಳಿಗೆ. ಅವ್ವನಿಗೆ ಒಲೆಯ ಪಕ್ಕದ ನೆಲ, ಒಂದು ಹಳೆಯ ಚಾಪೆ. ಮುಟ್ಟಾದ ದಿನಗಳಲ್ಲಿ ಅದೂ ಇಲ್ಲ, ಹೊರಗೆ ಗೋಣಿತಟ್ಟು. ಎಲ್ಲರಿಗೂ ಕೌದಿ ಹೊಲಿದವಳು ಅವಳೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಪೇರಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲು ದಾರ ಎಳೆಯುತ್ತ ಬೇಸಿಗೆಯ ಮಧ್ಯಾಹ್ನಗಳನ್ನು ಕಳೆದವಳು. ಅವಳು ಉಟ್ಟು ಸವೆಸಿದ ಸೀರೆಯ ಮೇಲೆಯೇ ನಾವು ಮಲಗಿದ್ದೆವು. ಅದನ್ನು ತ್ಯಾಗವೆಂದು ಹೊಗಳಿ ನಾನೇ ಎಷ್ಟೋ ಕಡೆ ಮಾತಾಡಿದ್ದೇನೆ.

ಈಗ ಕೇಳಿಕೊಳ್ಳುತ್ತೇನೆ: ಮುನಿಯ ನೆಲಕ್ಕೂ ಅವ್ವನ ನೆಲಕ್ಕೂ ವ್ಯತ್ಯಾಸವಿಲ್ಲವೇ? ಮುನಿಯ ಮುಂದೆ ಹಾಸಿಗೆ ಇತ್ತು, ಅವನು ಬೇಡವೆಂದ. ಅವ್ವನ ಮುಂದೆ ಹಾಸಿಗೆ ಇರಲೇ ಇಲ್ಲ. ಇಲ್ಲದ್ದನ್ನು ಬೇಡವೆಂದು ಹೇಳಿಕೊಂಡು ಅವಳು ತನ್ನ ಮಾನ ಉಳಿಸಿಕೊಂಡಳು, ನಮ್ಮ ನಾಚಿಕೆಯನ್ನೂ ಉಳಿಸಿದಳು. ಕಷ್ಟ ಆರಿಸಿಕೊಂಡರೆ ವ್ರತ. ಹೊರಿಸಿದರೆ ಅದು ಬರಿಯ ಕಷ್ಟವೇ. ಹೊರಿಸಿದ್ದನ್ನು ವ್ರತವೆಂದು ಕರೆದು ಕೈಮುಗಿಯುವುದು, ಕೊಡಬೇಕಾದ್ದನ್ನು ಕೊಡದೆ ತಪ್ಪಿಸಿಕೊಳ್ಳುವ ಒಂದು ಉಪಾಯ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎನ್ನುತ್ತದೆ ಗಾದೆ. ಆದರೆ ಯಾರ ಹಾಸಿಗೆಯನ್ನು ಯಾರು ಗಿಡ್ಡ ಮಾಡಿದರು ಎಂದು ಗಾದೆ ಕೇಳುವುದಿಲ್ಲ. ಕೇಳಬೇಕಾದವರು ನಾವು.

ಹಾಗೆಂದು ಎಲ್ಲರೂ ಎಲ್ಲ ಕಡೆಯೂ ಮೆತ್ತಗೇ ಮಲಗಬೇಕೆಂದು ನಾನು ಹೇಳುತ್ತಿಲ್ಲ. ಮಹಾಭಾರತದ ಭೀಷ್ಮನನ್ನು ನೆನೆಯಿರಿ. ಬಾಣಗಳ ಮೇಲೆ ಬಿದ್ದವನ ತಲೆ ಆಸರೆಯಿಲ್ಲದೆ ಜೋತುಬಿದ್ದಿತ್ತು. ಆತ ತಲೆದಿಂಬು ಕೇಳಿದ. ಅಂಥ ವೀರನೂ, ಅಂಥ ವ್ರತಿಯೂ ದಿಂಬು ಕೇಳಲು ನಾಚಲಿಲ್ಲ! ರಾಜರು ಮೆತ್ತನೆಯ ದಿಂಬುಗಳನ್ನು ತಂದರು, ಆತ ಒಪ್ಪಲಿಲ್ಲ. ಅರ್ಜುನ ಮೂರು ಬಾಣ ಬಿಟ್ಟು ತಲೆಗೆ ಆಸರೆ ಮಾಡಿದಾಗ ತೃಪ್ತನಾದ. ಆ ಹಾಸಿಗೆಗೆ ಆ ದಿಂಬೇ ಸರಿ. ದೇಹ ಕೇಳುವ ಆಸರೆಯನ್ನು ನಿರಾಕರಿಸಬೇಕಿಲ್ಲ. ಹೊರಟ ಕೆಲಸಕ್ಕೆ ಅದು ಹೊಂದಬೇಕು, ಅಷ್ಟೆ. ಮರುದಿನ ನಡೆಯಲು ಬೇಕಾದಷ್ಟು ನಿದ್ದೆ ಯಾತ್ರಿಯ ಹಕ್ಕು. ಅದಕ್ಕಿಂತ ಹೆಚ್ಚಿನದು ಅವಳ ಹೆಗಲಿಗೇ ಭಾರ.

ಗಾಳಿ ಹಾಸಿಗೆಯನ್ನು ಅವ್ವನ ಹತ್ತಿರ ಬಿಟ್ಟೆ. ಹೊರಡುವ ಮೊದಲು ತಮ್ಮನನ್ನು ಕೂರಿಸಿಕೊಂಡು ಮಾತಾಡಿ, ಮಂಚವನ್ನೂ ಹತ್ತಿಯ ಗಾದಿಯನ್ನೂ ತರಿಸಿದೆ. "ಈಗ್ಯಾಕ ನನಗ, ಎಷ್ಟ ದಿನ ಮಲಗಾಕಿ" ಎಂದಳು. "ಎಷ್ಟ ದಿನ ಇದ್ರೂ ಸೈ ಅವ್ವಾ" ಎಂದೆ. ತಡವಾಗಿತ್ತು. ತಡವಾದರೂ ಮಾಡಬೇಕಿತ್ತು.

ಫೋಮ್ ಹಾಳೆ ಹೊತ್ತು ನಾನು ನಡೆದೆ. ನಾಗಲೂಟಿಯ ರಾತ್ರಿ ನನ್ನ ಪಕ್ಕದಲ್ಲಿ ಇಬ್ಬರು ಹೆಂಗಸರು ಬರಿಯ ರಸಗೊಬ್ಬರದ ಚೀಲ ಹಾಸಿ ಮಲಗಿದ್ದರು. ಒಬ್ಬಾಕೆಗೆ ನನ್ನ ಅವ್ವನ ವಯಸ್ಸು. ನಿದ್ದೆಯಲ್ಲೂ ನರಳುತ್ತಿದ್ದಳು. ಕೊಟ್ಟರೆ ನನಗಿಲ್ಲ, ಕೊಡದಿದ್ದರೆ ನಿದ್ದೆಯಿಲ್ಲ. ಹೊರಳಾಡುತ್ತಿದ್ದಾಗ ಮಗಳ ಪಾಠ ನೆನಪಾಯಿತು: ಆಸರೆ ಬೇಕಾದದ್ದು ಹೆಗಲಿನಿಂದ ಟೊಂಕದವರೆಗೆ. ಎದ್ದು ಹಾಳೆಯನ್ನು ಅಡ್ಡಲಾಗಿ ಹಾಸಿದೆ. ಅದರ ಎರಡಡಿ ಅಗಲ ಒಬ್ಬಳ ಹೆಗಲಿನಿಂದ ಟೊಂಕಕ್ಕೆ ಸರಿಹೋಯಿತು, ಆರಡಿ ಉದ್ದಕ್ಕೆ ಮೂವರು ಹಿಡಿದೆವು.

ಬೆಳಗಿನವರೆಗೆ ಮೂವರ ಕಾಲುಗಳೂ ಹಾಸಿಗೆಯ ಆಚೆ, ಮಣ್ಣಿನ ಮೇಲೆಯೇ ಇದ್ದವು.