ಇಂದಿನ ಚಿಂತನೆ: ಕುದುರೆಯ ಹೊಟ್ಟೆಯ ಹುಳು



ನಮ್ಮ ದೇವರಗುಡ್ಡದ ಮಾಲತೇಶನಿಗೆ ಕುದುರೆ ವಾಹನ. ದಖ್ಖನಿನ ಅಲೆಮಾರಿ ಕುರಿಗಾರರಿಗೆ ಅದು ಸಂಸಾರ ಹೊರುವ ತಟ್ಟು. ಕಂಬಳಿ, ಪಾತ್ರೆ, ಆಗತಾನೇ ಹುಟ್ಟಿದ ಕುರಿಮರಿ ಎಲ್ಲವೂ ಅದರ ಬೆನ್ನ ಮೇಲೆ. ಮರಾಠಾ ದಂಡಿನಲ್ಲಿ ಓಡಿದ ಭೀಮಥಡಿ ತಳಿ ಉಳಿದದ್ದು ಹೆಚ್ಚಾಗಿ ಇಂಥವರ ಕೈಯಲ್ಲೇ.

ವೃಂದದ ಅಕ್ಕ ಒಬ್ಬರು ಕೇಳಿದರು: "ಕುದುರೆಗೆ ಜಂತಿನ ಔಷಧ ಕುಡಿಸಿದರೆ ಸಾವಿರಾರು ಜೀವ ಹೋಗುತ್ತವಲ್ಲ, ಮೊದಲ ಶೀಲ ಏನಾಯಿತು?" ನಾವು ನಕ್ಕೆವು. ನಗಬಾರದಿತ್ತು. ಅಟ್ಠಕಥೆಗಳು ಕೊಲೆಗೆ ಐದು ಅಂಗ ಹೇಳುತ್ತವೆ: ಜೀವಿ, ಅದು ಜೀವಿ ಎಂಬ ಅರಿವು, ಕೊಲ್ಲುವ ಮನಸ್ಸು, ಪ್ರಯತ್ನ, ಸಾವು. ಔಷಧ ಹಾಕುವವನಲ್ಲಿ ಐದೂ ಇವೆ. ಹಾಗೆಂದು ಹೊಟ್ಟೆ ಉಬ್ಬಿ ಸೊರಗಿದ ಮರಿಯನ್ನು ನೋಡುತ್ತ ಕೂರುವುದನ್ನು ಕರುಣೆ ಎನ್ನಲಾರೆ.

ತೊಡಕು ಇನ್ನೂ ಆಳದಲ್ಲಿದೆ. ಒಂದು ಹಿಂಡಿನ ಹುಳದ ಮೊಟ್ಟೆಗಳಲ್ಲಿ ಸುಮಾರು 80 ಪಾಲು ಬೀಳುವುದು ನೂರಕ್ಕೆ 20 ಕುದುರೆಗಳಿಂದ. ಹುಳು ತಡೆಯುವ ಗುಣ ಸ್ವಲ್ಪಮಟ್ಟಿಗೆ ರಕ್ತದಲ್ಲೇ ಬರುತ್ತದೆ. ಎಲ್ಲಕ್ಕೂ ತಿಂಗಳು ತಪ್ಪದೆ ಔಷಧ ಹಾಕಿದರೆ ಯಾವುದು ಗಟ್ಟಿ, ಯಾವುದು ದುರ್ಬಲ ಎಂಬುದೇ ಕಾಣುವುದಿಲ್ಲ. ಔಷಧಕ್ಕೆ ಜಗ್ಗದ ಹುಳುಗಳಷ್ಟೇ ಉಳಿದು ಅವುಗಳ ಸಂತಾನವೇ ಬೆಳೆಯುತ್ತದೆ. ಕುದುರೆಯ ಸಣ್ಣ ಹುಳುಗಳ ವಿಷಯದಲ್ಲಿ ಹಳೆಯ ಔಷಧಗಳಿಗೆ ಜಗತ್ತಿನ ಅನೇಕ ಕಡೆ ಇದೇ ಗತಿ.

ಹಾಗಾದರೆ ಹುಳು ಹೆಚ್ಚಿರುವ ಹೆಣ್ಣುಕುದುರೆಯನ್ನು ಮಾರಿಬಿಡೋಣವೇ? ತಳಿ ದೊಡ್ಡದಿದ್ದರೆ ಯೋಚಿಸಬಹುದು. ವಿರಳ ತಳಿಯಲ್ಲಿ ಒಂದು ಹೋದರೂ ಅದರ ರಕ್ತದ ಜೊತೆ ಇನ್ನೇನೇನೋ ಹೋಗುತ್ತದೆ. ಉಳಿದ ಕೆಲವೇ ಕುದುರೆಗಳು ತಮ್ಮತಮ್ಮಲ್ಲೇ ಕೂಡಿದರೆ ಮರಿಗಳು ಮತ್ತಷ್ಟು ಬಲಹೀನವಾಗಬಹುದು. ಹುಳಕ್ಕೆ ಹೆದರಿ ತಳಿಯನ್ನೇ ಸೊರಗಿಸಿದಂತೆ.

ಪಶುವೈದ್ಯರು ಈಗ ಹೇಳುವ ದಾರಿ ನನಗೆ ಹಿಡಿಸಿತು. ದೊಡ್ಡ ಕುದುರೆಗಳ ಲದ್ದಿ ಪರೀಕ್ಷಿಸಿ, ಮೊಟ್ಟೆ ಹೆಚ್ಚಿದ್ದವಕ್ಕೆ ಮಾತ್ರ ಪದೇ ಪದೇ ಔಷಧ. ಮರಿಗಳ ಲೆಕ್ಕ ಬೇರೆ, ಅವಕ್ಕೆ ಕಾಲಕಾಲಕ್ಕೆ ಬೇಕೇ ಬೇಕು. ಗಟ್ಟಿ ಕುದುರೆಯ ಹೊಟ್ಟೆಯಲ್ಲಿ ಒಂದಿಷ್ಟು ಹುಳು ಬದುಕಿಕೊಳ್ಳಲಿ. ಅವು ಉಳಿದರೆ ಔಷಧಕ್ಕೂ ಆಯಸ್ಸು.

ಅಕ್ಕನ ಪ್ರಶ್ನೆ ಇದರಿಂದ ತೀರಲಿಲ್ಲ. ಕೊಂದದ್ದು ಕೊಂದದ್ದೇ, ಬೇರೆ ಹೆಸರು ಬೇಡ. ಆದರೆ ಅದನ್ನು ಕಡಿಮೆ ಮಾಡುವ ಕೆಲಸವೊಂದಿದೆ. ಮರಿಹುಳು ಲದ್ದಿಯಲ್ಲಿ ಹುಟ್ಟಿ ತೇವದ ಹುಲ್ಲಿಗೆ ಹತ್ತುತ್ತದೆ. ಕುರಿ ಆ ಹುಲ್ಲು ಮೇಯ್ದರೆ ಕುದುರೆಯ ಹುಳು ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಒಂದೇ ಕಡೆ ಕಟ್ಟುವವರು ವಾರಕ್ಕೆರಡು ಸಲ ಲದ್ದಿ ಎತ್ತಿ ತಿಪ್ಪೆಗೆ ಹಾಕಿದರೂ ಔಷಧದ ಡಬ್ಬಿ ಎಷ್ಟೋ ಸಲ ಮುಚ್ಚಿಯೇ ಇರುತ್ತದೆ. ಸೊಂಟ ನೋಯುತ್ತದೆ, ಅಷ್ಟೇ.