ಸದ್ದಿನ ಪಾಲು

ಭೌತಶಾಸ್ತ್ರದ ಲೆಕ್ಕದಲ್ಲಿ ಕಂಪ್ಯೂಟರ್ ಒಂದು ಒಲೆ. ಗೋಡೆಯ ಪ್ಲಗ್ಗಿನಿಂದ ಅದು ನೂರು ವ್ಯಾಟ್ ಎಳೆದುಕೊಂಡರೆ ಹೆಚ್ಚುಕಡಿಮೆ ಆ ನೂರಕ್ಕೆ ನೂರೂ ಶಾಖವಾಗಿ ಕೋಣೆಗೆ ಬಂದು ಬೀಳುತ್ತದೆ. ನೀವು ಅದರಲ್ಲಿ ಕವಿತೆ ಟೈಪು ಮಾಡಿದಿರೋ, ಜಿಎಸ್‌ಟಿ ಲೆಕ್ಕ ಹಾಕಿದಿರೋ, ಮದುವೆಯ ವಿಡಿಯೊ ಕತ್ತರಿಸಿ ಜೋಡಿಸಿದಿರೋ, ಒಲೆಗೆ ಅದರ ಪರಿವೆಯಿಲ್ಲ. ಆ ಶಾಖವನ್ನು ಪ್ರಾಸೆಸರಿನ ಮೈಮೇಲಿಂದ ತೆಗೆಯದೆ ಬಿಟ್ಟರೆ 95–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ತೆಗೆಯಬೇಕೆಂದರೆ ಗಾಳಿ ಬೀಸಬೇಕು. ಬೀಸಿದ ಗಾಳಿಗೆ ಸದ್ದುಂಟು.

ವೇಗವಾದ, ಚಿಕ್ಕದಾದ, ಸದ್ದಿಲ್ಲದ ಡೆಸ್ಕ್‌ಟಾಪ್ ಕಟ್ಟಿಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಈ ಒಲೆಯೇ. ಕಳೆದ ವರ್ಷ ನಾನು ಅಂಥದೊಂದನ್ನು ಕಟ್ಟಿದೆ. ಅರ್ಧ ಭಾಗಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕವು, ಉಳಿದರ್ಧ ಆನ್‌ಲೈನಿನಲ್ಲಿ ಬಂದವು. ಅಂಗಡಿಯ ಹುಡುಗ ನನ್ನ ಪಟ್ಟಿ ನೋಡಿ, "ಸಾರ್, ಮೂರರಲ್ಲಿ ಎರಡು ಬೇಕಾದ್ರೆ ಕೊಡ್ತೀನಿ. ಮೂರೂ ಬೇಕು ಅಂದ್ರೆ ಕಷ್ಟ" ಎಂದ. ಅವನು ವ್ಯಾಪಾರದ ಮಾತು ಆಡಿದ್ದನಾದರೂ ಅದರಲ್ಲಿ ಗಟ್ಟಿಯಾದ ಗಣಿತವೇ ಇದೆ.

ಮಿನಿ ಐಟಿಎಕ್ಸ್ ಎಂಬ ಮದರ್‌ಬೋರ್ಡಿನ ಅಳತೆಯನ್ನು ವಯಾ ಎಂಬ ತೈವಾನಿನ ಕಂಪನಿ 2001ರಲ್ಲಿ ತಂದಿತು: ಉದ್ದ 170 ಮಿಲಿಮೀಟರ್, ಅಗಲ 170 ಮಿಲಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ. ಇವತ್ತಿನ ಚಿಕ್ಕ ಪೆಟ್ಟಿಗೆಗಳೆಲ್ಲ ಬಹುಮಟ್ಟಿಗೆ ಅದರ ಸುತ್ತಲೇ ಹೆಣೆದವು. ನನ್ನ ಕ್ಯಾಬಿನೆಟ್ ಸುಮಾರು 10 ಲೀಟರಿನದು, ಹತ್ತು ಜನರಿಗೆ ಅನ್ನ ಮಾಡುವ ಪ್ರೆಷರ್ ಕುಕ್ಕರಿನಷ್ಟು. ಅದರೊಳಗೆ ಎಸ್‌ಎಮ್‌ಪಿಎಸ್, ಹೀಟ್‌ಸಿಂಕ್, ವೈರುಗಳ ಗೊಂಡೆ ಎಲ್ಲ ಕೂರಬೇಕು. ಜಾಗ ಕಿರಿದಾದಷ್ಟೂ ಫ್ಯಾನ್ ಕಿರಿದಾಗುತ್ತದೆ. ಕಿರಿದಾದ ಫ್ಯಾನ್ ಅಷ್ಟೇ ಗಾಳಿ ತಳ್ಳಬೇಕೆಂದರೆ ಜೋರಾಗಿ ತಿರುಗಬೇಕು. ಜೋರಾಗಿ ತಿರುಗಿದರೆ ಕಿರುಚುತ್ತದೆ. ಸರ್ವರ್ ಕೋಣೆಗೆ ಒಮ್ಮೆ ಹೊಕ್ಕವರಿಗೆ ಆ ಕಿರುಚಾಟ ಗೊತ್ತು. ಅಲ್ಲಿನ ತೆಳು ಸರ್ವರುಗಳ ಎತ್ತರ 44 ಮಿಲಿಮೀಟರ್ ಮಾತ್ರ, ಒಳಗಿನ ಫ್ಯಾನುಗಳು 40 ಮಿಲಿಮೀಟರಿನವು, ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ದಾಟಿ ತಿರುಗುವಂಥವು.

ಇದೇ ಗಣಿತ ತಿರುಗಾಮುರುಗಾ ಆದಾಗ ಉದಾರಿಯೂ ಹೌದು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಹತ್ತಿರಹತ್ತಿರ 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ಸದ್ದಡಗಿಸುವ ವಿದ್ಯೆಯ ಗುಟ್ಟು ಒಳ್ಳೆಯ ಫ್ಯಾನಿನಲ್ಲಿ ಅಷ್ಟಾಗಿ ಇಲ್ಲ. (ಆಸ್ಟ್ರಿಯಾದ ನಾಕ್ಚುವಾ ಕಂಪನಿಯ ಕಂದುಬಣ್ಣದ ಫ್ಯಾನುಗಳನ್ನು ಕೆಲವರು ದೇವರ ಮನೆಯಲ್ಲಿ ಇಡುವುದೊಂದು ಬಾಕಿ.) ಗುಟ್ಟಿರುವುದು ಒಲೆಯ ಉರಿಯನ್ನೇ ತಗ್ಗಿಸುವುದರಲ್ಲಿ. ನನಗೆ ಇದು ಬರೀ ತಾಂತ್ರಿಕ ವಿಷಯವಾಗಿ ಉಳಿಯದೆ ಹೋದದ್ದು ಇಲ್ಲಿಂದಲೇ.

ಎಎಮ್‌ಡಿ ಕಂಪನಿಯ ರೈಜೆನ್ 7 7700ಎಕ್ಸ್ ಎಂಬ ಪ್ರಾಸೆಸರ್ 2022ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಎಂಟು ಕೋರ್, ಘೋಷಿತ 105 ವ್ಯಾಟ್, ಗರಿಷ್ಠ ವೇಗ 5.4 ಗಿಗಾಹರ್ಟ್ಸ್. 2023ರ ಜನವರಿಯಲ್ಲಿ ಎಕ್ಸ್ ಎಂಬ ಬಾಲವಿಲ್ಲದ 7700 ಬಂತು. ಅದೇ ಎಂಟು ಕೋರ್, ಘೋಷಿತ 65 ವ್ಯಾಟ್, ಗರಿಷ್ಠ ವೇಗ 5.3. ಎಲ್ಲ ಕೋರುಗಳೂ ಒಟ್ಟಿಗೆ ದುಡಿಯುವಾಗ ಅಂತರ ಇದಕ್ಕಿಂತ ಹೆಚ್ಚು, ನಿಜ. ಆದರೂ ವೇಗ ಕಡಿಮೆಯಾಗುವುದಕ್ಕಿಂತ ಎಷ್ಟೋ ಹೆಚ್ಚು ಪಾಲು ಶಾಖ ಕಡಿಮೆಯಾಗುತ್ತದೆ. ಕಾರಣ ಸರಳ: ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು, ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬೆಟ್ಟದ ಕೊನೆಯ ಹತ್ತು ಮೆಟ್ಟಿಲಿಗೆ ಮೊದಲ ನೂರರಷ್ಟು ಏದುಸಿರು. ಆ ಕೊನೆಯ ಮೆಟ್ಟಿಲುಗಳನ್ನು ಕಾರ್ಖಾನೆಯಲ್ಲೇ ಹತ್ತಿಸಿ ಕಳಿಸುವುದು ಯಾಕೆಂದರೆ ಪಕ್ಕದ ಕಂಪನಿಯ ಚಿಪ್ಪಿಗಿಂತ ಪರೀಕ್ಷೆಯ ಪಟ್ಟಿಯಲ್ಲಿ ಎರಡಂಕ ಮೇಲಿರಬೇಕು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರಾಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಕೆಡುತ್ತಿವೆ ಎಂದು ಆ ಕಂಪನಿಯೇ 2024ರಲ್ಲಿ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು.

ನನ್ನ ಯಂತ್ರದ ಬಯಾಸ್‌ಗೆ ಹೋಗಿ ನಾನೂ ಮಿತಿ ಹಾಕಿದೆ. ಹತ್ತು ನಿಮಿಷ ಹಿಡಿಯುತ್ತಿದ್ದ ವಿಡಿಯೊ ಕೆಲಸ ಈಗ ಹನ್ನೊಂದು ನಿಮಿಷ ಚಿಲ್ಲರೆ ಹಿಡಿಯುತ್ತದೆ. ಫ್ಯಾನ್ 800 ಸುತ್ತಿನ ಆಸುಪಾಸಿನಲ್ಲೇ ಇರುತ್ತದೆ, ಕಿವಿಯಿಟ್ಟು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಆ ಒಂದು ನಿಮಿಷ ಚಿಲ್ಲರೆ ನನ್ನದು. ಅದರ ಬದಲಿಗೆ ಸಿಗುವ ನಿಶ್ಶಬ್ದ ಯಾರದು?

ಈ ಪ್ರಶ್ನೆಗೆ ಕಂಪ್ಯೂಟರಿನ ಚರಿತ್ರೆಯಲ್ಲಿ ಸಿಗುವ ಉತ್ತರ, ಯಂತ್ರದ ಎದುರು ಕೂತವನದು ಎಂಬುದು. ಸ್ಟೀವ್ ಜಾಬ್ಸ್‌ಗೆ ಫ್ಯಾನ್ ಎಂದರೆ ಆಗುತ್ತಿರಲಿಲ್ಲ. 1980ರಲ್ಲಿ ಬಂದ ಆಪಲ್ ತ್ರೀ ಯಂತ್ರಕ್ಕೆ ಫ್ಯಾನೇ ಇರಲಿಲ್ಲ. ಅದು ಬಿಸಿಯಾಗುತ್ತಿತ್ತು, ಚಿಪ್ಪುಗಳು ಸಾಕೆಟ್ಟಿನಲ್ಲಿ ಸಡಿಲಗೊಳ್ಳುತ್ತಿದ್ದವು. ಬೋರ್ಡಿನ ವಿನ್ಯಾಸದಲ್ಲೂ ತೊಡಕಿತ್ತೆನ್ನಿ. ಯಂತ್ರವನ್ನು ಮೇಜಿನಿಂದ ಕೆಲವು ಇಂಚು ಎತ್ತಿ ಕೆಳಗೆ ಬಿಟ್ಟರೆ ಚಿಪ್ಪುಗಳು ಮತ್ತೆ ಕೂರುತ್ತವೆ ಎಂಬ ಸಲಹೆ ಗಿರಾಕಿಗಳಿಗೆ ಹೋಯಿತು. ಇಪ್ಪತ್ತು ವರ್ಷಗಳ ನಂತರ, 2000ದಲ್ಲಿ, ಎಂಟಿಂಚಿನ ಘನಾಕೃತಿಯ ಪವರ್ ಮ್ಯಾಕ್ ಜಿ4 ಕ್ಯೂಬ್ ಬಂತು. ಅದಕ್ಕೂ ಫ್ಯಾನಿಲ್ಲ, ಬಿಸಿಗಾಳಿ ನಡುವಿನ ಕೊಳವೆಯಿಂದ ತಾನೇ ಮೇಲೇರುವಂತೆ ಮಾಡಿದ್ದರು. ನೋಡಲು ಚೆಂದ, ಕೇಳಲು ಏನೂ ಇಲ್ಲ. ದುಬಾರಿಯಾಗಿ, ಮಾರಾಟವಾಗದೆ ಮರುವರ್ಷವೇ ನಿಂತುಹೋಯಿತು. ಈ ಕಥೆಗಳನ್ನು ಸೌಂದರ್ಯದ ಹಟದ ಕಥೆಗಳೆಂದು ಹೇಳುವುದು ವಾಡಿಕೆ. ನನಗೆ ಅವುಗಳಲ್ಲಿ ಕಾಣುವ ಕೊರತೆ ಬೇರೆ. ನಿಶ್ಶಬ್ದವನ್ನು ಅಲ್ಲಿ ವಸ್ತುವಿನ ಗುಣವೆಂದು, ಕೊಂಡವನ ಸುಖವೆಂದು ಎಣಿಸಲಾಗಿದೆ. ಪಕ್ಕದಲ್ಲಿ ಕೂತವರು ಆ ಲೆಕ್ಕದಲ್ಲಿ ಇಲ್ಲ.

ಪಕ್ಕದಲ್ಲಿ ಕೂತವರು ನಮ್ಮ ಮನೆಯಲ್ಲಿ ಅಮ್ಮ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಮೂವತ್ತು ವರ್ಷ ಕಂಡಿಕೆ ಸುತ್ತಿದವಳು. ವಿದ್ಯುತ್ ಮಗ್ಗದ ಲಾಳಿ ಆಚೆಯಿಂದ ಈಚೆಗೆ ಬಡಿದುಕೊಳ್ಳುವ ಸದ್ದು 90 ಡೆಸಿಬೆಲ್ ಮೀರುತ್ತದೆ. ಒಂದು ಕೋಣೆಯಲ್ಲಿ ನಾಲ್ಕು ಮಗ್ಗ ಇದ್ದರೆ ಮಾತು ಕೈಸನ್ನೆಯಲ್ಲೇ. ಈಗ ಅವಳ ಎರಡೂ ಕಿವಿ ಮಂದ. ವಯಸ್ಸಿನದೆಷ್ಟು, ಮಗ್ಗದ್ದೆಷ್ಟು ಎಂದು ಭಾಗ ಮಾಡಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಕಿವಿಗೆ ಮಿಷನ್ ಹಾಕಿಸಿದ್ದೇವೆ. ಮಿಷನ್ನಿನ ಸ್ವಭಾವವೆಂದರೆ ಅದು ಮಾತನ್ನೂ ಗುಂಯ್‌ಗುಡುವಿಕೆಯನ್ನೂ ಒಟ್ಟಿಗೇ ಎತ್ತಿ ಕಿವಿಗೆ ಸುರಿಯುತ್ತದೆ. ದುಬಾರಿ ಮಿಷನ್ನುಗಳು ಕೊಂಚ ಬೇರ್ಪಡಿಸುತ್ತವೆ, ಅಷ್ಟೆ. ಮೊದಲಿದ್ದ ಸಿಸ್ಟಮ್ ಶುರುವಾದರೆ, "ಮಳೆ ಹುಯ್ದಂಗೆ ಆಗುತ್ತೆ ಕಣೋ" ಎಂದು ಮಿಷನ್ ತೆಗೆದು ಡಬ್ಬಿಗೆ ಹಾಕಿಬಿಡುತ್ತಿದ್ದಳು. ಅದೇ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಸದ್ದು ಮಾಡುವವನ ಕಿವಿ ಬಲುಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕೆಲಸ ಅವನದು, ಗಮನ ಪರದೆಯ ಮೇಲೆ. ಅದೇ ಕೋಣೆಯಲ್ಲಿ ಕೆಲಸವಿಲ್ಲದೆ ಕೂತವರಿಗೆ ಆ ಸದ್ದು ಬಿಟ್ಟು ಬೇರೇನಿಲ್ಲ. ಸದ್ದಿನ ವಿಚಾರದಲ್ಲಿ ಮಾಡುವವನ ಸಾಕ್ಷಿಯನ್ನು ನಂಬಬಾರದು ಎಂದು ನನಗೆ ಅನ್ನಿಸುವುದು ಇದಕ್ಕೇ.

ಹಾಗಾದರೆ ಪೂರ್ತಿ ನಿಶ್ಶಬ್ದವೇ ಧರ್ಮವೇ? ಅದಕ್ಕೊಂದು ಸುಲಭದ ದಾರಿ ಇದ್ದೇ ಇದೆ. ಫ್ಯಾನೇ ಇಲ್ಲದ ತೆಳು ಲ್ಯಾಪ್‌ಟಾಪ್ ಇಟ್ಟುಕೊಂಡು, ಭಾರದ ಕೆಲಸವನ್ನೆಲ್ಲ ಬಾಡಿಗೆಗೆ ಸಿಗುವ ದೂರದ ಸರ್ವರುಗಳಿಗೆ ಕಳಿಸಬಹುದು. ಮನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಆದರೆ ಸದ್ದು ಇಲ್ಲವಾಗುವುದಿಲ್ಲ, ಆ 40 ಮಿಲಿಮೀಟರಿನ ಫ್ಯಾನುಗಳ ಕೋಣೆಗೆ ವರ್ಗವಾಗುತ್ತದೆ. ಅಲ್ಲಿ ರಾತ್ರಿಪಾಳಿ ಮಾಡುವ ಹುಡುಗರಿದ್ದಾರೆ, ಕಟ್ಟಡದ ಹೊರಗೆ ಜನರೇಟರುಗಳಿವೆ, ಅದರಾಚೆ ಮನೆಗಳೂ ಇರಬಹುದು. ಸ್ಪ್ಲಿಟ್ ಏಸಿಯ ನೀತಿಯೂ ಇದೇ: ಒಳಗಿನವನಿಗೆ ತಂಪು ಮತ್ತು ಮೌನ, ಹೊರಗಿನ ಪೆಟ್ಟಿಗೆಯ ಬಿಸಿ ಮತ್ತು ಗೊರಗೊರ ಪಕ್ಕದ ಮನೆಯ ಕಿಟಕಿಗೆ. ಶಬ್ದಮಾಲಿನ್ಯ ನಿಯಮಗಳು 2000ದಿಂದ ಇವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಅವು ಹೇಳುತ್ತವೆ. ನಮ್ಮ ಬೀದಿ ಆ ನಿಯಮವನ್ನು ಓದಿದಂತಿಲ್ಲ.

ಇಲ್ಲಿ ನನ್ನ ವಿರುದ್ಧವೇ ಒಂದು ವಾದ ಮಾಡಬೇಕು. ಸಾವಿರ ಜನರ ಕೆಲಸವನ್ನು ಒಟ್ಟುಮಾಡಿ ಮಾಡುವ ದೊಡ್ಡ ಕೇಂದ್ರ, ಸಾವಿರ ಮನೆಗಳಲ್ಲಿ ದಿನದ ಬಹುಪಾಲು ಸುಮ್ಮನೆ ಕೂರುವ ಸಾವಿರ ಪೆಟ್ಟಿಗೆಗಳಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಅದೇ ಕೆಲಸ ಮುಗಿಸಬಲ್ಲದು. ಊರಿಗೊಂದು ಹಿಟ್ಟಿನ ಗಿರಣಿ ಸಾಕು, ಮನೆಮನೆಗೆ ಬೇಡ. ಒಪ್ಪುವಂಥ ಮಾತೇ. ಆದರೆ ಗಿರಣಿಗೆ ರಾಗಿ ಹೊತ್ತುಕೊಂಡು ಹೋಗುವವನಿಗೆ ಎಷ್ಟು ರಾಗಿ ಎಂದು ತಲೆಯ ಮೇಲಿನ ಭಾರ ಹೇಳುತ್ತದೆ. ದೂರದ ಸರ್ವರಿಗೆ ಕೆಲಸ ಕಳಿಸುವವನಿಗೆ ಭಾರವೇ ಇಲ್ಲ. ಒಂದು ಗುಂಡಿ ಒತ್ತಿದರೆ ಅದೇ ವಿಡಿಯೊ ಐದು ಅಳತೆಗಳಲ್ಲಿ ತಯಾರು. ಮೂರನ್ನು ಯಾರೂ ನೋಡುವುದಿಲ್ಲ. ನನ್ನ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಅದನ್ನೇ ಮಾಡಿದರೆ ಮೊಣಕೈಗೆ ಬಿಸಿಗಾಳಿ ತಾಗುತ್ತದೆ. ಅದು ಚಿಕ್ಕ ತಡೆ, ಆದರೆ ತಡೆಯೇ. ನಾನು ಪೆಟ್ಟಿಗೆಯನ್ನು ಉಳಿಸಿಕೊಂಡಿರುವುದು ಅದು ಹೆಚ್ಚು ಸಾತ್ವಿಕ ಎಂದಲ್ಲ. ಖರ್ಚು ನಡೆಯುವ ಜಾಗದಲ್ಲೇ ಅದರ ಸುಳಿವೂ ಇರಲಿ ಎಂದು.

ಸುಳಿವು ಬೇಕೆಂದ ಮೇಲೆ ಅದನ್ನು ಅಡಗಿಸುವುದೇಕೆ ಎಂದು ಕೇಳಬಹುದು. ಈ ಎಡವಟ್ಟು ಪ್ರಶ್ನೆಯನ್ನು ನನಗಿಂತ ಮೊದಲು ಕೇಳಿದ್ದು ಅಮ್ಮ. ಹೊಸ ಪೆಟ್ಟಿಗೆ ಬಂದ ಎರಡನೆಯ ದಿನ ಬಾಗಿಲಲ್ಲಿ ನಿಂತು, "ಇದು ಓಡ್ತಾ ಇದೆಯೋ, ನಿಂತುಹೋಗಿದೆಯೋ?" ಎಂದಳು. ದನಿಯಲ್ಲಿ ಸಣ್ಣ ಆತಂಕವಿತ್ತು. ಮಗ್ಗದ ಕೇರಿಯಲ್ಲಿ ನಿಶ್ಶಬ್ದ ಎಂದರೆ ವಿಶ್ರಾಂತಿಯಲ್ಲ. ಕರೆಂಟು ಹೋಗಿದೆ, ಇಲ್ಲ ನೂಲು ಬಂದಿಲ್ಲ, ಇಲ್ಲ ಸೀರೆ ಕೊಳ್ಳುವವರಿಲ್ಲ. 2020ರ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತಾಗ ಆ ಕೇರಿಗಳಲ್ಲಿ ಹಕ್ಕಿಗಳ ದನಿ ಕೇಳಿಸಿತೆಂದು ಯಾರೂ ಸಂತೋಷಪಟ್ಟದ್ದು ನನಗೆ ಗೊತ್ತಿಲ್ಲ. ಅವಳ ಕಿವಿಯನ್ನು ಕೆಡಿಸಿದ ಸದ್ದೇ ವಾರದ ಕೂಲಿಯ ಸದ್ದೂ ಆಗಿತ್ತು, ನನ್ನ ಶಾಲೆಯ ಫೀಸಿನದೂ. ನಿಶ್ಶಬ್ದವನ್ನು ಸಂಸ್ಕಾರವೆಂದೂ ಸದ್ದನ್ನು ಒರಟುತನವೆಂದೂ ಕರೆಯುವ ಅಭ್ಯಾಸ, ಅನ್ನದ ಸದ್ದು ಬೇರೆಲ್ಲೋ ಆಗುವಂತೆ ಏರ್ಪಾಡು ಮಾಡಿಕೊಂಡವರದು.

ಶಾಖ ಪೂರ್ತಿಯಾಗಿ ಹೋಗುವಂಥದ್ದೂ ಅಲ್ಲ. ಒಂದು ಬಿಟ್ ಮಾಹಿತಿಯನ್ನು ಅಳಿಸಬೇಕಾದರೆ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕೆಂದು ಐಬಿಎಮ್‌ನ ರಾಲ್ಫ್ ಲಾಂಡವರ್ 1961ರಲ್ಲಿ ವಾದಿಸಿದ. ಆ ಕನಿಷ್ಠ ಮೊತ್ತ ಊಹೆಗೂ ನಿಲುಕದಷ್ಟು ಕಿರಿದು, ನಮ್ಮ ಚಿಪ್ಪುಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸುಡುತ್ತವೆ. ಆದರೂ ಅದು ಸೊನ್ನೆಯಲ್ಲ. ತಮಾಷೆಯೆಂದರೆ ಬೆಲೆ ಇರುವುದು ಬರೆಯುವುದಕ್ಕಲ್ಲ, ಸ್ಲೇಟು ಒರೆಸುವುದಕ್ಕೆ.

ಹಾಗಾಗಿ ಫ್ಯಾನಿನ ಏರಿಳಿತವನ್ನು ಬಯಾಸಿನಲ್ಲಿ ಮತ್ತೆ ಬರೆದೆ. ಮೊದಲು ಯಾವ ಹೊತ್ತಿನಲ್ಲೂ ಕೇಳಿಸದಂತೆ ಇಟ್ಟಿದ್ದೆ. ಈಗ 70 ಡಿಗ್ರಿಯವರೆಗೆ 800 ಸುತ್ತು, ಅದನ್ನು ದಾಟಿದರೆ ನಿಧಾನವಾಗಿ 1,100ಕ್ಕೆ ಏರುತ್ತದೆ. ಏರಿದಾಗ ಗಾಳಿಯ ಒಂದು ಮೆಲ್ಲನೆಯ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಮೊರದಲ್ಲಿ ಅಕ್ಕಿ ಕೇರಿದಂತೆ. ಮಿಷನ್ನಿಗೆ ಅದು ತೊಂದರೆ ಕೊಡುತ್ತದೋ ನೋಡಬೇಕೆಂದು ಒಂದು ಮಧ್ಯಾಹ್ನ ಅಮ್ಮ ಟೀವಿ ಆರಿಸಿ ಹೂಬತ್ತಿ ಹೊಸೆಯುತ್ತ ಕೂತಿದ್ದಾಗ ದೊಡ್ಡದೊಂದು ಕೆಲಸ ಹಚ್ಚಿದೆ. ಫ್ಯಾನ್ ಏರಿತು. ಅವಳು ತಲೆ ಎತ್ತಲಿಲ್ಲ, ಮಿಷನ್ ತೆಗೆಯಲೂ ಇಲ್ಲ. ಹನ್ನೊಂದು ನಿಮಿಷ ಕಳೆದು ಕೆಲಸ ಮುಗಿಯಿತು, ಫ್ಯಾನ್ ಇಳಿಯಿತು.

"ಆಯ್ತೇನೋ?" ಎಂದಳು.